ಕನ್ಯಾ ನೋಡಲು ನಾಲ್ಕನೆಯವ

ಹೆಂಡತಿ ತೀರಿಕೊಂಡ ಮೇಲೆ, ಮೋಡ ಕವಿದ ದಿನ ನನಗೆ ಮನೆಯಲ್ಲಿ ಕೂಡ್ರಲಾಗುವುದಿಲ್ಲ. ಅಂಥದೊಂದು ದಿನ, ನಾಲ್ಕು ಮಾತು ಕಿವಿಗೆ ಬೀಳಲೆಂದು ಬೆಳಗಾವಿಯಿಂದ ಖಾನಾಪುರದ ಬಸ್ ಹತ್ತಿದೆ. ಪಕ್ಕದಲ್ಲಿ ಒಂದು ಕುಟುಂಬ: ತಂದೆ, ತಾಯಿ, ಮಗ. ಕನ್ಯಾ ನೋಡಲು ಹೊರಟವರು. ಬರಬೇಕಿದ್ದ ಸೋದರಮಾವ ಕೈಕೊಟ್ಟಿದ್ದ.

"ಶುಭ ಕೆಲಸಕ್ಕ ಮೂರು ಮಂದಿ ಹೋಗಬಾರದ್ರೀ," ಎಂದು ಚಡಪಡಿಸುತ್ತಿದ್ದ ತಾಯಿ ನನ್ನತ್ತ ತಿರುಗಿದರು. "ಕಾಕಾ, ನಿಮಗೇನರ ಕೆಲಸ ಐತೇನ್ರೀ?"

ನಿವೃತ್ತನಿಗೆ ಎಂಥ ಕೆಲಸ! ಖುಷಿಯಿಂದ ನಾಲ್ಕನೆಯವನಾಗಿ ಹೋದೆ.

ಕನ್ಯೆಯ ಅಪ್ಪ ಉಪ್ಪಿಟ್ಟು ಕೊಡುತ್ತ, "ನಿಮ್ಮ ಹುಡುಗನ ಸ್ವಭಾವ ಹೆಂಗ್ರೀ?" ಎಂದು ನನ್ನನ್ನೇ ಕೇಳಬೇಕೆ!

"ಬಸ್ಸಿನ್ಯಾಗ ನನಗ ಕಿಟಕಿ ಬಾಜು ಸೀಟು ಬಿಟ್ಟುಕೊಟ್ಟಾನ್ರೀ. ಖರೇ ಹೇಳಬೇಕಂದ್ರ ನನಗ ಅಷ್ಟ ಗೊತ್ತು," ಎಂದೆ.

ಚಹಾ ತಂದ ಹುಡುಗಿ ಕಿಸಕ್ಕನೆ ನಕ್ಕಳು.

ಸಂಜೆ ಬೀಗ ತೆರೆದಾಗ ಮನೆ ಹಾಗೇ ಸುಮ್ಮನಿತ್ತು, ನಾನು ಮಾತ್ರ ನಗುತ್ತಿದ್ದೆ. ಈಗ ಮೋಡದ ದಿನ ಬಸ್ ಹತ್ತಿದರೆ, ಮೂವರು ಒಟ್ಟಿಗೆ ಹೊರಟವರ ಪಕ್ಕದ ಸೀಟನ್ನೇ ಹುಡುಕುತ್ತೇನೆ.