ಎರಡು ಸೀಟಿನ ವಿಲಾಯ್ತಿ ಗಾಡಿ

ಈಗ ಸಾಂಗ್ಲಿ–ಮಿರಜ ರಸ್ತೆಯಲ್ಲಿ ಪರದೇಶಿ ಗಾಡಿಗಳು ದಿನಾಲೂ ಕಾಣುತ್ತವೆ. ಹೊಳೆಯುತ್ತವೆ, ಹಾಯ್ದು ಹೋಗುತ್ತವೆ, ಸದ್ದೇ ಇಲ್ಲ. ನನ್ನಂಥವನ ಹೊಟ್ಟೆಯ ಮೇಲೆ ಹೊಡೆದ ಹಾಗೆ. ಕಾಲೇಜಿನ ಗ್ಯಾದರಿಂಗಿನಲ್ಲಿ ಮಿಮಿಕ್ರಿ ಮಾಡಿ ಹೆಸರು ಕೆಡಿಸಿಕೊಂಡವನು ನಾನು. ಮಿರಜ ಸ್ಟೇಷನ್ನಿನಲ್ಲಿ ರೈಲು ತಡವೆಂದು ಹೇಳುವ ಹೆಣ್ಣುದನಿ, ಪ್ರಿನ್ಸಿಪಾಲರ ಸೀನು, ಚಿಲ್ಲರೆ ಕೊಡದ ಕಂಡಕ್ಟರನ ಗೊಣಗಾಟ, ಎಲ್ಲ ಬರುತ್ತದೆ. ನನ್ನ ಸ್ವಂತ ದನಿಯಲ್ಲಿ ಫೋನ್ ಮಾಡಿದರೆ ಮಾತ್ರ ಮನೆಯವರು ಯಾರೆಂದು ಕೇಳುತ್ತಾರೆ. ಈ ಹೊಸ ಗಾಡಿಗಳ ನಕಲು ಮಾಡುವುದೆಂದರೆ ಬಾಯಿ ಮುಚ್ಚಿಕೊಂಡು ನಿಲ್ಲುವುದು. ಅದು ನನ್ನಿಂದಾಗದ ಕೆಲಸ. ದೂರದಿಂದಲೇ ತಮ್ಮ ಹೆಸರು ಕೂಗಿಕೊಂಡು ಬರುತ್ತಿದ್ದ ಆ ಹಳೆಯ ವಿಲಾಯ್ತಿ ಗಾಡಿಗಳು ತಿರುಗಿ ಬರಲಿ ಎಂದು ನನ್ನ ಆಸೆ.

ನಾನು ಕಂಡದ್ದು ಒಂದೇ, ನಮ್ಮ ಕಾಕಾನದು. ಕಾಕಾ ಅಂದರೆ ಅಪ್ಪನ ತಮ್ಮ. ಸಾಂಗ್ಲಿ ಪೇಟೆಯಲ್ಲಿ ಅರಿಸಿನ, ಬೆಲ್ಲದ ವ್ಯಾಪಾರ. ಹರೆಯದಲ್ಲಿ ಯಾರೋ ಸರದಾರರ ಮನೆಯಿಂದ ಇಂಗ್ಲಂಡಿನ ಕೆಂಪು ಗಾಡಿ ಕೊಂಡು ತಂದಿದ್ದರು. ಎರಡೇ ಸೀಟು, ಮೇಲೆ ಛಾವಣಿ ಇಲ್ಲ. ನೆಲಕ್ಕೆ ಎಷ್ಟು ಹತ್ತಿರವೆಂದರೆ ಪೇಟೆಯ ಹಮಾಲರು ಅದನ್ನು ‘ಚಪ್ಪಲಿ’ ಎನ್ನುತ್ತಿದ್ದರು. ಒಳಗೆ ಕೂತರೆ ಪಕ್ಕದ ಬಸ್ಸಿನ ಗಾಲಿಯ ನಟ್ಟುಗಳೇ ಕಣ್ಣೆದುರು. ಚಾಲೂ ಆಗುವಾಗ, ಹಿರಿಯರು ಪಂಚಾಯ್ತಿಗೆ ಮೊದಲು ಗಂಟಲು ಸರಿಮಾಡಿಕೊಂಡಂತೆ ಒಂದು ಕೆಮ್ಮು; ಆಮೇಲೆ ಎದೆಯಾಳದಿಂದ ಗುಡುಗುಡು; ಗೇರು ಇಳಿಸಿದರೆ ಸಣ್ಣ ತೇಗು. ಮಿರಜದಲ್ಲಿ ಸಿತಾರ್ ಮಾಡುವವರ ಓಣಿ ಹೊಕ್ಕರೆ ಗೋಡೆಗೆ ತೂಗುಹಾಕಿದ ವಾದ್ಯಗಳ ತಂತಿಗಳು ತಾವೇ ಝುಂ ಅನ್ನುತ್ತಿದ್ದವು. ಅಲ್ಲಿಯ ಒಬ್ಬ ಅಂಗಡಿಕಾರರು, ಗಾಡಿ ಷಡ್ಜಕ್ಕಿಂತ ತುಸು ಕೆಳಗೆ ಹಾಡುತ್ತದೆ, ಒಮ್ಮೆ ಬಿಟ್ಟುಹೋಗಿ, ಶ್ರುತಿ ಕೂಡಿಸಿ ಕೊಡುತ್ತೇನೆ ಎಂದು ಕಾಕಾನನ್ನು ಕಾಡುತ್ತಿದ್ದರು. ನಾನು ಓಣಿಯ ತಿರುವಿನಲ್ಲಿ ನಿಂತು ಆ ಸದ್ದು ತೆಗೆದರೆ ಮನೆಯಲ್ಲಿ ಕಾಕು, ಅಂದರೆ ಕಾಕಾನ ಹೆಂಡತಿ, ಗಂಡ ಬಂದರೆಂದು ಚಹಾಕ್ಕೆ ಇಡುತ್ತಿದ್ದರು. ನಾನು ಹೋಗಿ ಕುಡಿಯುತ್ತಿದ್ದೆ.

ಆ ಗಾಡಿಯಲ್ಲಿ ಕಾಕು ಒಮ್ಮೆಯೂ ಕೂತಿರಲಿಲ್ಲ. ಮದುವೆಯ ಹೊಸತರಲ್ಲಿ ಕಾಕಾ ಅದನ್ನು ಬಾಗಿಲಿಗೆ ತಂದಾಗ ಅಜ್ಜಿ ಕಟ್ಟೆಯ ಮೇಲಿದ್ದಳಂತೆ. ಸೊಸೆಯಾದವಳು ಕಾಲು ಚಾಚಿ, ಸೆರಗು ಗಾಳಿಗೆ ಬಿಟ್ಟು, ಪೇಟೆಯ ನಡುವೆ ಮೆರವಣಿಗೆ ಹೊರಡುವುದೇ? ಅಜ್ಜಿಯ ಮುಖ ನೋಡಿ ಕಾಕು ಒಳಗೆ ಹೋದರು. ಅಜ್ಜಿ ತೀರಿಕೊಂಡ ಮೇಲೂ ಅವರು ತಾವಾಗಿ ಬರಲಿಲ್ಲ, ಕಾಕಾ ಮತ್ತೆ ಕರೆಯಲಿಲ್ಲ. ಎಡಗಡೆಯ ಸೀಟಿನಲ್ಲಿ ಬೆಲ್ಲದ ಪೆಂಟಿಗಳು ಕೂತು ಮೆರೆದವು. ಕೆಲವು ಸಲ ನಾನು.

ಆಮೇಲೆ ಓಣಿಗೊಂದು ಎಸ್‌ಟಿಡಿ ಬೂತ್ ಬಂತು, ಮಾಳಿಗೆಯ ಮೇಲೆ ಕೇಬಲ್ ತಂತಿ ಬಂತು. ಪರದೇಶದ ಮಾಲೆಲ್ಲ ಪೇಟೆಗೆ ಬಂತು, ಕಾಕಾನ ಗಾಡಿಯ ಬಿಡಿಭಾಗ ಮಾತ್ರ ಬರಲಿಲ್ಲ. ಗಾಡಿ ನಿಲ್ಲುತ್ತಿದ್ದ ಗೋದಾಮು ಕೆಡವಿ ಅಂಗಡಿಸಾಲು ಕಟ್ಟುವುದೆಂದು ಅಪ್ಪ ನಿಶ್ಚಯಿಸಿದರು. ಮಿರಜದ ದವಾಖಾನೆಗೆಂದು ಬರುವ ಬೀಗರನ್ನೆಲ್ಲ ತುಂಬಿಕೊಂಡು ತಿರುಗಲು ಒಂದು ಬಿಳಿ ವ್ಯಾನು ಬಂತು. ಹಳೆಯ ಗಾಡಿಗಳ ಹುಚ್ಚಿದ್ದ ಪುಣೆಯವರೊಬ್ಬರಿಗೆ ಚಪ್ಪಲಿಯನ್ನು ಕೊಡುವುದೆಂದಾಯಿತು.

ಒಯ್ಯುವ ಟೆಂಪೊ ಬರುವ ಹಿಂದಿನ ದಿನ ಸಂಜೆ ಕಾಕಾ ಗಾಡಿಯನ್ನು ಮನೆಯ ಮುಂದೆ ತರಿಸಿ ತೊಳೆದರು. ತೊಳೆದಾದ ಮೇಲೆ ಎಡಗಡೆಯ ಸೀಟನ್ನೇ ಒರೆಸುತ್ತ ಉಳಿದರು. ಕಾಕುನ್ನ ಕರೆಯಲೇ ಎಂದು ನಾನೇ ಕೇಳಿದೆ.

‘ನೀನಽ ಕೇಳಿ ನೋಡ. ನಾ ಕೇಳಿದ್ರ ಮತ್ತ ಒಲ್ಲೆ ಅಂದಾಳು,’ ಅಂದರು.

ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು, ಥೇಟ್ ಕಾಕಾನ ದನಿಯಲ್ಲಿ, ಮೂಗಿನಿಂದ ಹೊರಡುವ ಆ ಗತ್ತಿನೊಂದಿಗೆ ಹೇಳಿದೆ: ‘ಕೇಳಿತೇನ? ಗಾಡಿ ನಾಳೆ ಹೋಗತೈತಿ. ಒಂದ ಸರ್ತಿ ಕುಂದ್ರತಿಯೇನ?’

ಕಾಕು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ‘ದನಿ ಬರೊಬ್ಬರಿ ತಗದೀಯಪಾ. ಆದ್ರ ಅವರು ಹಿಂಗ ಎಂದೂ ಕೇಳಿಲ್ಲ. ಆವತ್ತ ಗಾಡಿ ನಿಂದ್ರಿಸಿ ಹಾರ್ನ್ ಹೊಡದ್ರು, ಅಷ್ಟಽ. ಅವರಿಗೆ ಬಾಯಿ ಇಲ್ಲೇನು?’

ಇದನ್ನು ಕಾಕುನ ದನಿಯಲ್ಲೇ ಕಾಕಾಗೆ ಮುಟ್ಟಿಸಿದೆ. ಅವರು ಒದ್ದೆ ಅರಿವೆ ಹಿಡಿದುಕೊಂಡೇ ಒಳಗೆ ಹೋದರು. ಏನು ಹೇಳಿದರೋ, ನನ್ನ ಕಿವಿಗೂ ಸಿಗದಷ್ಟು ಸಣ್ಣ ದನಿ. ಸ್ವಲ್ಪ ಹೊತ್ತಿಗೆ ಕಾಕು ಕೈಯ ಹಿಟ್ಟು ತೊಳೆದು ಹೊರಗೆ ಬಂದು, ಓಣಿಯ ಎಲ್ಲರೆದುರು ಬಗ್ಗಿ ಗಾಡಿಯೊಳಗೆ ಇಳಿದು ಕೂತರು.

ಗಾಡಿ ಚಾಲೂ ಆಗಲಿಲ್ಲ. ಕಾಕಾ ಕೀಲಿ ತಿರುವಿದರು, ಬಾನೆಟ್ ಎತ್ತಿದರು, ಬೈದರು, ಕೈಮುಗಿದರು. ಅದು ಕೆಮ್ಮಿ ಸುಮ್ಮನಾಯಿತು. ಕಾಕಾನ ಮುಖ ನೋಡಲಾಗಲಿಲ್ಲ. ಆದರೆ ಕಾಕು ಇಳಿಯುವ ಲಕ್ಷಣವೇ ಇಲ್ಲ. ಕಾಲು ಚಾಚಿ, ಮುಂದಿನ ರಸ್ತೆ ನೋಡುತ್ತ ಕೂತೇ ಇದ್ದರು. ನಾನು ಇಬ್ಬರು ಹಮಾಲರನ್ನು ಕರೆದು ಹಿಂದಿನಿಂದ ದಬ್ಬಲು ಹಚ್ಚಿ, ನಾನೂ ಕೈಹಚ್ಚಿ, ಬಾಯಿಂದ ಗುಡುಗುಡು ಶುರುಮಾಡಿದೆ.

ಓಣಿ ದಾಟಿ ಪೇಟೆಗೆ ಬಂದೆವು. ಅಂಗಡಿಗಳವರು ಗಾದಿಯಿಂದೆದ್ದು ನೋಡಿದರು. ಕಾಕು ಸೆರಗು ಹಿಡಿದುಕೊಳ್ಳಲಿಲ್ಲ. ಹಿಡಿದುಕೊಳ್ಳುವಂಥ ಗಾಳಿಯೇ ಇರಲಿಲ್ಲ.

‘ಇಷ್ಟ ಸಾವಕಾಶ ಹೋಗತದಂತ ಆವಾಗಽ ಹೇಳಿದ್ರ ಕುಂದ್ರತಿದ್ದೆ ನೋಡ್ರಿ,’ ಅಂದರು.

ಕಾಕಾ ನಕ್ಕರು. ನಗುತ್ತಲೇ ಗೇರಿನ ಕಡ್ಡಿ ಎಳೆದು, ತಿರುಗಿ ನೋಡದೆ ನನಗೆ ಹೇಳಿದರು: ‘ಏ ಶಾಣ್ಯಾ, ಗೇರ್ ಹಾಕೇನಿ. ಆವಾಜ ಬದಲ್ ಮಾಡ.’

ಬದಲ್ ಮಾಡಿದೆ. ಕೂಡುರಸ್ತೆಯಲ್ಲಿ ಕಾಕು ಕೃಷ್ಣೆಯ ಘಾಟಿನ ಕಡೆ ಕೈ ತೋರಿಸಿ, ಅತ್ತ ಹೊರಳಿಸಿರಿ ಅಂದರು. ಕಾಕಾ ಹೊರಳಿಸಿದರು. ಅಲ್ಲಿಂದ ಹೊಳೆಯವರೆಗೆ ಇಳಿಜಾರು, ತಿರುಗಿ ಬರುವುದು ಪೂರ್ತಿ ಏರು. ಹಮಾಲರು ನನ್ನ ಮುಖ ನೋಡಿದರು. ನಾನು ಗುಡುಗುಡು ನಿಲ್ಲಿಸಲಿಲ್ಲ.