ಕಿವಿಯಿಂದ ಶುರುವಾದ ಮುಖ

ನನ್ನ ತಂಗಿಯ ಗಂಡನಿಗೆ ಬರೆಯಲು ಬರುತ್ತಿದ್ದದ್ದು ಒಂದೇ ಮುಖ. ಪೇಟೆಯವರು ಅವನಿಗೆ 'ಒಂದ್ಮುಖ' ಎಂದು ಹೆಸರಿಟ್ಟಿದ್ದರು. ಅವನು ಅದನ್ನು ಬಿರುದು ಎಂದುಕೊಂಡಿದ್ದ. ಆ ಮುಖ ಯಾರದು ಅಂದರೆ, ಅಭಿಮಾನಿಗಳು 'ನಮ್ಮಣ್ಣ' ಎಂದು ಕರೆಯುವ ಸಿನಿಮಾ ನಟನದು. ನನ್ನದು ವ್ಯಾನು, ಲಾರಿಗಳ ನೆಗ್ಗು ತೆಗೆಯುವ ಶೆಡ್ಡು. ನಾನು ನೆಗ್ಗು ತೆಗೆದು ಬಣ್ಣ ಹೊಡೆದರೆ, ಅವನು ಹಿಂಬಾಗಿಲ ಮೇಲೆ ನಮ್ಮಣ್ಣನನ್ನು ಕೂರಿಸಿ ಕಳಿಸುತ್ತಿದ್ದ. ನಾವಿಬ್ಬರೂ ಒಬ್ಬರನ್ನೊಬ್ಬರು ಕರೆಯುವುದು ಭಾವ ಎಂದೇ.

ಅವನು ಬರೆಯುವ ಚೆಂದ ನೋಡಬೇಕು. ಗೆರೆ ಹಾಕಿಕೊಳ್ಳುವುದಿಲ್ಲ, ಫೋಟೋ ನೋಡುವುದಿಲ್ಲ. ಬ್ರಷ್ಷು ಅದ್ದಿ ಮೊದಲು ಎಡಗಡೆಯ ಹುಬ್ಬು ಎಳೆಯುತ್ತಾನೆ. ನಮ್ಮಣ್ಣ ಖಳನಾಯಕನಿಗೆ ಹೊಡೆಯುವ ಮುಂಚೆ ಮೇಲಕ್ಕೆ ಎತ್ತುತ್ತಾನಲ್ಲ, ಅದೇ ಹುಬ್ಬು. ಅದೊಂದು ಬಿತ್ತು ಅಂದರೆ ಮಿಕ್ಕದ್ದು ತಾನಾಗಿ ಇಳಿದು ಬರುತ್ತದೆ. ಕಣ್ಣು, ಮೂಗು, ಮೀಸೆ, ಭುಜದ ತನಕ ಇಳಿಬಿದ್ದ ಕೂದಲು.

ತೊಂದರೆ ಏನೆಂದರೆ, ಯಾರನ್ನು ಬರೆ ಅಂದರೂ ಅವನ ಕೈ ಆ ಹುಬ್ಬಿನಿಂದಲೇ ಹೊರಡುತ್ತಿತ್ತು. ಹಲ್ಲಿನ ಡಾಕ್ಟರ ಬೋರ್ಡಿನಲ್ಲಿ ನಗುತ್ತಿರುವ ರೋಗಿ ನಮ್ಮಣ್ಣ. ಹಾಲಿನ ಅಂಗಡಿಯ ಗೋಡೆಯ ಮಗು, ಮೀಸೆಯೊಂದು ಇಲ್ಲ, ಅದೂ ನಮ್ಮಣ್ಣ. ವ್ಯಾಯಾಮಶಾಲೆಯವರು ಹುಲಿ ಬರೆಸಿದರು. ಆ ಹುಲಿಗೆ ಕಿವಿ ಮುಚ್ಚುವಷ್ಟು ಕೂದಲು, ಎಡಹುಬ್ಬು ಎತ್ತಿ ನೋಡುತ್ತದೆ. ತಿರುವಿನ ಶಾಲೆಯವರು ಪುಸ್ತಕ ಹಿಡಿದ ಹುಡುಗಿಯನ್ನು ಬರೆ ಅಂದರು. ನಮ್ಮಣ್ಣ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೊರಟ. ಆಗ ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ನಮ್ಮಣ್ಣ ಅಂದರೆ ಎಲ್ಲರಿಗೂ ಪ್ರಾಣ.

ಹೀಗಿರುವಾಗ ಒಂದು ಬೆಳಿಗ್ಗೆ ಟೀವಿಯಲ್ಲಿ ಸುದ್ದಿ ಬಂತು. ಶೂಟಿಂಗಿನಲ್ಲಿ ಉಡುಪು ಹೊಲಿಯುವ ಹೆಣ್ಣುಮಗಳೊಬ್ಬಳು ಪೊಲೀಸರಿಗೆ ದೂರು ಕೊಟ್ಟಿದ್ದಾಳೆ. ಕೋಟಿನ ತೋಳು ಬಿಗಿಯಾಯಿತು ಎಂದು ನಮ್ಮಣ್ಣ ಕಾದ ಇಸ್ತ್ರಿಪೆಟ್ಟಿಗೆ ಎಸೆದನಂತೆ, ಅವಳ ಕೈ ಸುಟ್ಟಿದೆಯಂತೆ. ಪೆಟ್ಟಿಗೆ ತಾನಾಗಿ ಜಾರಿ ಬಿತ್ತು ಎಂದು ನಮ್ಮಣ್ಣ ಹೇಳಿದ. ಕೋಣೆಯ ಆ ಕೊನೆಯಿಂದ ಈ ಕೊನೆಗೆ ಜಾರುವ ಇಸ್ತ್ರಿಪೆಟ್ಟಿಗೆಯನ್ನು ನಾನಂತೂ ನೋಡಿಲ್ಲ.

ನನ್ನ ಶೆಡ್ಡಿನ ಎದುರಿನ ಟೀ ಅಂಗಡಿ ಎರಡು ಪಕ್ಷವಾಯಿತು. ಅವನ ಸಿನಿಮಾ ಎಲ್ಲ ನಿಲ್ಲಿಸಬೇಕು ಎಂದು ಒಂದು ಬೆಂಚು, ನಿಲ್ಲಿಸಬಾರದು ಎಂದು ಇನ್ನೊಂದು ಬೆಂಚು.

"ಕಲೆ ಬೇರೆ, ಮನುಷ್ಯ ಬೇರೆ ಕಣ್ರೀ," ಎಂದ ನನ್ನ ಗಿರಾಕಿ ವ್ಯಾನಿನವನೊಬ್ಬ. ಅವನ ಬಂಡಿಯ ಮೇಲೆ ಎಲ್ಲರದಕ್ಕಿಂತ ದೊಡ್ಡ ನಮ್ಮಣ್ಣ ಇದ್ದ.

"ಹಾಗಾದ್ರೆ ಪೆಟ್ಟಿಗೆ ಎಸೆದಿದ್ದು ಯಾರು, ಕಲೆನಾ?" ಎಂದೆ. ಅವನು ನನ್ನ ಜೊತೆ ಮಾತು ಬಿಟ್ಟ. ಬಿಡಲಿ. ನೆಗ್ಗು ಬಿದ್ದಾಗ ತಾನೇ ಬರುತ್ತಾನೆ.

ನನ್ನ ತಂಗಿ ಬಟ್ಟೆ ಹೊಲಿಯುವವಳು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಮಿಷನ್ನಿನ ಹಿಂದಿನ ಗೋಡೆಯ ತುಂಬ ನಮ್ಮಣ್ಣ ಇದ್ದ. ಮದುವೆಯಾದ ಹೊಸದರಲ್ಲಿ ನನ್ನ ಭಾವ ಹೆಂಡತಿಗೆ ಉಡುಗೊರೆ ಎಂದು ಬರೆದದ್ದು ಅದು. ಸುದ್ದಿ ಬಂದ ಸಂಜೆ ನಾನು ಹೋದಾಗ ಆ ಗೋಡೆಗೆ ಹಗ್ಗ ಕಟ್ಟಿ ಗಿರಾಕಿಗಳ ಬಟ್ಟೆ ನೇತುಹಾಕಿದ್ದಳು. ಬಟ್ಟೆಗಳಿಗಿಂತ ಮೇಲುಗಡೆ ಎಡಹುಬ್ಬು ಮಾತ್ರ ಕಾಣುತ್ತಿತ್ತು.

"ಇನ್ನೂ ಆರೋಪ ಅಷ್ಟೇ ಕಣೇ," ಎನ್ನುತ್ತಿದ್ದ ನನ್ನ ಭಾವ. "ಕೋರ್ಟು ತೀರ್ಮಾನ ಮಾಡ್ಲಿ."

"ಮಾಡ್ಲಿ. ನಾನೇನು ಜೈಲಿಗೆ ಹಾಕಿದ್ನಾ? ಬಟ್ಟೆ ಹಾಕಿದೀನಿ."

"ಅಷ್ಟು ವರ್ಷ ಕಷ್ಟಪಟ್ಟು ಮೇಲೆ ಬಂದೋನು. ಅವನ ಕೆಲಸ ಹೋಗ್ಬಿಡುತ್ತಲ್ಲೇ."

ತಂಗಿ ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಳು. ಅವಳು ಸೂಜಿ ತೆಗೆದು ಮಾತಾಡಿದರೆ ಮನೆಯಲ್ಲಿ ಎಲ್ಲರೂ ಕೇಳಿಸಿಕೊಳ್ಳುತ್ತಾರೆ.

"ಅವನ ಕೆಲಸ ಹೋಗ್ಬೇಕಾ ಬೇಡ್ವಾ ಅಂತ ಊರೆಲ್ಲ ಕೂತು ಮಾತಾಡ್ತಿದೆ. ಅವಳ ಕೆಲಸ ಆಗ್ಲೇ ಹೋಯ್ತಲ್ಲ, ಅದನ್ನ ಯಾರು ಕೇಳಿದ್ರು? ಸುಟ್ಟ ಕೈಲಿ ಸೂಜಿ ಹಿಡಿಯೋಕಾಗುತ್ತಾ?"

ಭಾವ ನನ್ನ ಕಡೆ ನೋಡಿದ. ನಾನು ಛಾವಣಿ ನೋಡಿದೆ.

ಆಮೇಲೆ ಗಿರಾಕಿಗಳು ಬರತೊಡಗಿದರು, ನಮ್ಮಣ್ಣನನ್ನು ಅಳಿಸಿ ಎಂದು. ಬಂಡಿಗೆ ಯಾರಾದರೂ ಕಲ್ಲು ಎಸೆದಾರು ಎಂಬ ಭಯ ಅವರಿಗೆ. ಕಲೆ ಬೇರೆ ಎಂದ ವ್ಯಾನಿನವನೇ ಮೊದಲು ಬಂದ. ಭಾವ ಬಿಳಿ ಬಣ್ಣ ಕಲಸಿಕೊಂಡು ನಿಂತ, ಕೈ ಮುಂದೆ ಹೋಗಲಿಲ್ಲ. ಕೊನೆಗೆ ಅಳಿಸುವ ಬದಲು ಕಪ್ಪು ಕನ್ನಡಕ ಹಾಕಿ, ಗಡ್ಡ ಬಿಡಿಸಿ, ಟೋಪಿ ತೊಡಿಸಿದ.

ವ್ಯಾನಿನವನು ಹಿಂದೆ ಸರಿದು ನೋಡಿದ. "ಅಲ್ಲ ಮಾರಾಯ, ಮೊದ್ಲು ಬರೀ ಆರೋಪಿ ಇದ್ದ. ಈಗ ತಲೆಮರೆಸಿಕೊಂಡಿರೋ ಹಾಗೆ ಕಾಣ್ತಾನೆ."

ನನಗೆ ತಡೆಯಲಾಗಲಿಲ್ಲ. ಸ್ಪ್ರೇ ಗನ್ನು ತಂದು ಬಾಗಿಲಿಗೆಲ್ಲ ಬಿಳಿ ಹೊಡೆದುಬಿಟ್ಟೆ. ಭಾವ ಮುಖ ಆ ಕಡೆ ತಿರುಗಿಸಿ ನಿಂತಿದ್ದ, ಮನೆಯವರನ್ನು ಆಪರೇಷನ್ನಿಗೆ ಕಳಿಸಿದವರ ಹಾಗೆ.

ಅಳಿಸಿದ ಮೇಲೆ ಬೇರೆ ಏನಾದರೂ ಬರೆಸಬೇಕಲ್ಲ, ಅದಕ್ಕೆ ಯಾರೂ ಅವನ ಹತ್ತಿರ ಬರಲಿಲ್ಲ. ಬಂದರೆ ಇನ್ನೊಂದು ನಮ್ಮಣ್ಣನೇ ಹುಟ್ಟುತ್ತಾನೆ ಎಂಬುದು ಪೇಟೆಗೆಲ್ಲ ಗೊತ್ತು. ಹಲ್ಲಿನ ಡಾಕ್ಟರು ಫ್ಲೆಕ್ಸಿನವನಿಗೆ ಹೇಳಿದರು. ಹಾಲಿನ ಅಂಗಡಿಯವನೂ ಫ್ಲೆಕ್ಸು ಕಟ್ಟಿಸಿದ. ಆರೋಪ ನಟನ ಮೇಲೆ, ನಟ ತನ್ನ ಬಂಗಲೆಯಲ್ಲಿ ಕಾಲು ಚಾಚಿಕೊಂಡಿದ್ದ. ಕಲಾಜೀವನ ಮುಗಿದದ್ದು ನನ್ನ ಭಾವನದು.

ಕೊನೆಗೆ ಶಾಲೆಯ ಹೆಡ್‌ಮಿಸ್ಸು ಬಂದರು. "ಆ ಮನುಷ್ಯ ಜಡೆ ಹಾಕ್ಕೊಂಡು ನಿಮ್ಮ ಗೋಡೆ ಮೇಲೆ ಯಾಕಿದಾನೆ ಅಂತ ತಂದೆತಾಯಿಯರು ಕೇಳ್ತಿದಾರೆ. ರಜೆ ಮುಗಿಯೋದ್ರೊಳಗೆ ಒಂದು ಹುಡುಗಿ ಬರೆದುಕೊಡಿ. ಹುಡುಗಿ ಥರ ಇರೋ ಹುಡುಗಿ. ಇಲ್ಲಾಂದ್ರೆ ನಾವೂ ಫ್ಲೆಕ್ಸು ಹಾಕಿಸ್ತೀವಿ."

ಉಳಿದಿದ್ದದ್ದು ಆ ಗೋಡೆ ಒಂದೇ. ಅದೂ ಹೋದರೆ ಬ್ರಷ್ಷು ತೊಳೆದಿಟ್ಟು ನನ್ನ ಶೆಡ್ಡಿನಲ್ಲಿ ತಗಡು ಉಜ್ಜಬೇಕು. ಅವನಿಗೆ ಅದು ಗೊತ್ತಿತ್ತು.

ಮೊದಲು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಹಲಗೆಯ ಮೇಲೆ ಅಭ್ಯಾಸ ಮಾಡಿದ. ಹಲ್ಲುನೋವು ಬಂದ ನಮ್ಮಣ್ಣ ತಯಾರಾದ. ನನ್ನ ಬೋಳುತಲೆಗೆ ಭುಜದ ತನಕ ಕೂದಲು ಬಂದಿತ್ತು, ಅದನ್ನು ಮಾತ್ರ ನಾನು ಆಕ್ಷೇಪಿಸಲಿಲ್ಲ.

ಆಮೇಲೆ ತಂಗಿಯನ್ನು ಕೂರಿಸಿದ. ಅವಳು ಹೊಲಿಯುತ್ತಲೇ ಕೂತಳು. ಮುಗಿದ ಮೇಲೆ ಎದ್ದು ಬಂದು ನೋಡಿದಳು.

"ನಾನು ಯಾವತ್ತು ಹೀಗೆ ಹುಬ್ಬು ಎತ್ತಿದ್ದೆ?"

"ಈಗ ಎತ್ತಿದೀಯಲ್ಲ," ಎಂದ ಮೆಲ್ಲಗೆ.

ಅವಳು ನಗಲಿಲ್ಲ. "ಮದುವೆ ಆದಾಗಿಂದ ದಿನಾ ಎದುರಿಗೆ ಕೂತು ಊಟ ಮಾಡ್ತೀರಿ. ನನ್ನ ಮುಖ ಹೇಗಿದೆ ಅಂತ ಗೊತ್ತಿದ್ಯಾ ಇಲ್ವಾ ರೀ?"

ಮಿಷನ್ನು ತುಳಿಯುವ ಸದ್ದು ಜೋರಾಯಿತು. ನನಗೆ ಪಿತ್ತ ನೆತ್ತಿಗೇರಿತು.

"ಅಲ್ಲಯ್ಯಾ, ಆ ಹಾಳು ಹುಬ್ಬು ಬಿಟ್ಟು ಬೇರೆ ಎಲ್ಲಿಂದಾದ್ರೂ ಶುರು ಮಾಡಬಾರ್ದಾ?"

"ಮಾಡಿ ನೋಡಿದೆ ಭಾವ. ಗಲ್ಲದಿಂದ ಹೊರಟ್ರೆ ಮೀಸೆಗೆ ಹೋಗುತ್ತೆ, ಮೂಗಿಂದ ಹೊರಟ್ರೆ ಹುಬ್ಬಿಗೆ ಹೋಗುತ್ತೆ. ಕೈ ನನ್ನ ಮಾತು ಕೇಳಲ್ಲ."

ತಂಗಿ ಮಿಷನ್ನು ನಿಲ್ಲಿಸಿದಳು. ಸೂಜಿ ತೆಗೆದಳು.

"ಆ ನಮ್ಮಣ್ಣಂಗೆ ಕಿವಿ ಇದ್ಯಾ?"

ಇಷ್ಟು ವರ್ಷ ಬರೆದ ಅಷ್ಟೂ ಮುಖಗಳಲ್ಲಿ, ಹುಲಿಯನ್ನೂ ಸೇರಿಸಿ, ಒಂದಕ್ಕೂ ಭಾವ ಕಿವಿ ಬರೆದಿರಲಿಲ್ಲ. ಎಲ್ಲ ಕೂದಲ ಕೆಳಗೆ.

"ಇರಬೇಕು," ಎಂದ.

"ನಂಗಿದೆ. ಅಲ್ಲಿಂದ ಬನ್ನಿ." ಕೂದಲನ್ನು ಹಿಂದಕ್ಕೆ ಸರಿಸಿ ತಿರುಗಿ ಕೂತಳು.

ಕೈಗೆ ಗೊತ್ತಿಲ್ಲದ್ದರಿಂದ ಅವನು ಕಣ್ಣಿಂದ ನೋಡಲೇಬೇಕಾಯಿತು. ಮೊದಲನೇ ಕಿವಿ ತುಳಿದ ಚಪ್ಪಲಿಯ ಹಾಗಿತ್ತು. ಅದನ್ನು ಒರೆಸಿದ. ಹತ್ತಿರ ಹೋದ, ದೂರ ಬಂದ, ಬೆಳಕಿಗೆ ತಿರುಗು ಅಂದ. ಕಿವಿಯ ಹಿಂದೆ ಬೆರಳಿಟ್ಟು, "ಈ ಗಾಯ ಯಾವಾಗಾಯ್ತೇ?" ಎಂದು ಕೇಳಿದ.

"ಚಿಕ್ಕೋಳಿದ್ದಾಗ ಬಿದ್ದಿದ್ದು. ಇವತ್ತು ಕೇಳ್ತಿದೀರಿ."

ನಾನು ಶೆಡ್ಡಿನಲ್ಲಿ ಕೆಲಸ ಇದೆ ಎಂದು ಎದ್ದು ಬಂದೆ.

ಕಿವಿಯಿಂದ ಕೆನ್ನೆಗೆ, ಕೆನ್ನೆಯಿಂದ ಬಾಯಿಗೆ, ಹುಬ್ಬು ಎಲ್ಲಕ್ಕಿಂತ ಕೊನೆಗೆ. ಶಾಲೆಯ ಗೋಡೆಯ ಮೇಲೂ ಹಾಗೆಯೇ ಬರೆದ. ಪುಸ್ತಕ ಹಿಡಿದ ಹುಡುಗಿ ನಿಜವಾಗಲೂ ಹುಡುಗಿಯೇ ಆದಳು. ಆದರೆ ಗುಂಡುಸೂಜಿ ಕಚ್ಚಿಕೊಂಡವಳ ಹಾಗೆ ತುಟಿ ಬಿಗಿದಿದ್ದಳು. ಈಗ ಸೂಜಿ ತೆಗೆದು ಏನೋ ಕೇಳಿಬಿಡುತ್ತಾಳೆ ಅನ್ನಿಸುತ್ತಿತ್ತು.

ಹೆಡ್‌ಮಿಸ್ಸು ಬಹಳ ಹೊತ್ತು ನೋಡಿದರು. "ಈ ಹುಡುಗಿ ನನ್ನನ್ನೇ ಯಾಕೆ ಹೀಗೆ ನೋಡ್ತಾಳೆ?" ಎಂದರು. ಆದರೂ ಒಪ್ಪಿಕೊಂಡರು. ತಡವಾಗಿ ಬರುವ ಮಕ್ಕಳು ಆ ಗೋಡೆ ದಾಟುವಾಗ ತಲೆ ತಗ್ಗಿಸುವುದನ್ನು ಕಂಡ ಮೇಲೆ, ಒಳಗಿನ ಗೋಡೆಗಳನ್ನೂ ಅವನಿಗೇ ಕೊಟ್ಟರು. ಆ ದಿನವೇ ಭಾವ ಮನೆಗೆ ಹೋಗಿ ಹಗ್ಗದ ಬಟ್ಟೆ ತೆಗೆದು, ಗೋಡೆಯ ಮೇಲಿನ ನಮ್ಮಣ್ಣನಿಗೆ ತಾನೇ ಸುಣ್ಣ ಹೊಡೆದ. ಯಾರೂ ಹೇಳಿರಲಿಲ್ಲ.

ಆಮೇಲೆ ನಮ್ಮಣ್ಣನಿಗೆ ನಿರೀಕ್ಷಣಾ ಜಾಮೀನು ಸಿಕ್ಕಿತು. ಹೊಸ ಸಿನಿಮಾ ಬರುತ್ತದೆ ಎಂದು ಟೀವಿಯವರು ಕುಣಿದರು. ಕೇಸು ಇನ್ನೂ ನಡೆಯುತ್ತಿದೆ. ಆ ಹೆಣ್ಣುಮಗಳಿಗೆ ಕೆಲಸ ಸಿಕ್ಕಿತು ಎಂಬ ಸುದ್ದಿ ಮಾತ್ರ ಎಲ್ಲೂ ಬರಲಿಲ್ಲ. ವ್ಯಾನಿನವನು ನಾಚಿಕೆಯಿಲ್ಲದೆ ವಾಪಸು ಬಂದ.

"ಅಣ್ಣನ್ನ ಮೊದಲಿನ ಹಾಗೇ ಕೂರಿಸ್ಬಿಡು."

ಭಾವ ಬ್ರಷ್ಷು ಅದ್ದಿದ. ಕೈ ನೇರ ಕಿವಿಗೆ ಹೋಯಿತು. ಅಲ್ಲಿಂದ ಕೆನ್ನೆ, ಬಾಯಿ, ಕಣ್ಣು. ಮೇಲೆ ಮೀಸೆ ಇಟ್ಟ, ಭುಜದ ತನಕ ಕೂದಲು ಇಳಿಸಿದ. ಎಷ್ಟು ಇಳಿಸಿದರೂ ಕಿವಿ ಮುಚ್ಚಲಿಲ್ಲ. ಬಾಗಿಲ ಮೇಲೆ ಮೀಸೆ ಹೊತ್ತ ನನ್ನ ತಂಗಿ ತುಟಿ ಬಿಗಿದು ನಿಂತಿದ್ದಳು.

ವ್ಯಾನಿನವನು ತಲೆ ಕೆರೆದುಕೊಂಡ. "ನಮ್ಮಣ್ಣನೇ. ಆದ್ರೂ ಏನೋ ಲೆಕ್ಕ ಕೇಳೋ ಹಾಗಿದಾನಲ್ಲ."

ಊಟದ ಡಬ್ಬಿ ತಂದಿದ್ದ ತಂಗಿ ಅದನ್ನು ನೋಡಿದಳು. ಗಂಡನನ್ನೂ ನೋಡಿದಳು. "ಇರ್ಲಿ ಬಿಡಿ," ಎಂದಳು. "ಇದು ಊರೆಲ್ಲ ಓಡಾಡ್ಲಿ."

ಅವನಿಗೆ ಈಗಲೂ ಬರುವುದು ಒಂದೇ ಮುಖ. ಹಲ್ಲಿನ ಡಾಕ್ಟರ ಫ್ಲೆಕ್ಸು ಹರಿದ ಮೇಲೆ ಅಲ್ಲೂ ಅದೇ ಬಂದಿದೆ. ಬಾಯಿ ತೆರೆಯದ ರೋಗಿ. ಎದುರಿನ ಟೀ ಅಂಗಡಿಯಲ್ಲಿ ಆ ನಟನ ಸಿನಿಮಾ ನಿಲ್ಲಿಸಬೇಕೇ ಬೇಡವೇ ಎಂದು ಎರಡು ಬೆಂಚಿನವರೂ ಇನ್ನೂ ಕಚ್ಚಾಡುತ್ತಾರೆ. ಆ ವ್ಯಾನು ಹಾದುಹೋಗುವಾಗ ಮಾತ್ರ ಎಲ್ಲರೂ ಸ್ವಲ್ಪ ಹೊತ್ತು ತಮ್ಮ ತಮ್ಮ ಲೋಟದೊಳಗೆ ನೋಡುತ್ತಾರೆ.