ಸೀತವ್ವನ ಕಡೀ ಚೀಲ

ಮುದ್ದೇಬಿಹಾಳದ ನಮ್ಮ ಓಣಿಯಲ್ಲಿ ನನ್ನನ್ನು ಬೈಯುವ ಹಕ್ಕು ಇಬ್ಬರಿಗಿದೆ. ಒಬ್ಬಳು ನನ್ನ ಹೆಂಡತಿ, ಇನ್ನೊಬ್ಬಳು ಕಸ ಆರಿಸುವ ಶೆಡ್ಡಿನ ಸೀತವ್ವ. ಹೆಂಡತಿಗೆ ಕಾರಣ ಬೇಕಿಲ್ಲ. ಸೀತವ್ವ ಮಾತ್ರ ಸಾಕ್ಷಿ ಕೈಯಲ್ಲಿ ಹಿಡಿದೇ ಬರುತ್ತಾಳೆ.

"ಮಾಸ್ತರ, ಈ ಶ್ರೀಖಂಡದ ಡಬ್ಬಿ ನಿಮ್ಮ ಮನೀದು ಅಲ್ಲೇನ್ರಿ? ತೊಳದು ಹಾಕಾಕ ಬಿ.ಎಡ್. ಸಾಲಂಗಿಲ್ಲೇನು?"

ಆಕೆಗೆ ಓದು ಬಾರದು. ಆದರೆ ಪ್ಲಾಸ್ಟಿಕ್ಕಿನ ವಿಷಯದಲ್ಲಿ ಆಕೆಯ ಉಗುರು ಸುಳ್ಳು ಹೇಳಿದ್ದಿಲ್ಲ. ಹಾಲಿನ ಪಾಕೀಟು ಮುಷ್ಟಿಯಲ್ಲಿ ಮೆತ್ತಗೆ ಮುದುಡುತ್ತದೆ, ತೊಳೆದಿದ್ದರೆ ಗುಜರಿ ಕೊಳ್ಳುವ ಮೋಡಕಾ ಅಂಗಡಿಯವರು ಒಯ್ಯುತ್ತಾರೆ. ಚಿಪ್ಸ್ ಪಾಕೀಟನ್ನು ಎಷ್ಟು ಹಿಂಡಿದರೂ ಚರಚರ ಎಂದು ಮತ್ತೆ ಅರಳುತ್ತದೆ. ಒಳಗೆ ಬೆಳ್ಳಿ ಬಣ್ಣದ ಪದರ ಅಂಟಿಸಿದ ಅದನ್ನು ಇಲ್ಲಿ ಯಾರೂ ಮುಟ್ಟುವುದಿಲ್ಲ. ಅಂಥ ನಿರುಪಯೋಗಿಗಳೆಲ್ಲ ಸಾಲಿನ ಕೊನೆಗಿರುವ ಕಡೀ ಚೀಲಕ್ಕೆ. ಆಕೆ ಶೆಡ್ಡಿಗೆ ಬಂದ ಹನ್ನೊಂದು ವರ್ಷದಿಂದ ಊರು ಆಕೆಯ ಜಾತಿ ಕೇಳುತ್ತಿತ್ತು, ಆಕೆ ಊರಿನ ಡಬ್ಬಿಗಳ ಜಾತಿ ಕೇಳುತ್ತಿದ್ದಳು.

ಹೋದ ವರ್ಷ ಶೆಡ್ಡಿಗೆ ಹೊಸ ಗುತ್ತಿಗೆದಾರ ಬಂದ. ಡಬ್ಬಿಯ ತಳದ ತ್ರಿಕೋನದೊಳಗಿನ ನಂಬರು ಗೊತ್ತಿದ್ದವರಿಗೇ ಕೆಲಸ, ಪರೀಕ್ಷೆ ಪಾಸಾಗಿ ಸರ್ಟಿಫಿಕೇಟ್ ತರದವರು ಮನೆಗೆ, ಎಂದ. ಅಂದು ಸಂಜೆ ಸೀತವ್ವ ನಮ್ಮ ಕಟ್ಟೆಯ ಮೇಲೆ ಬಂದು ಕೂತಳು. ಬೈಯಲಿಲ್ಲ. ಅದನ್ನು ನೋಡಿಯೇ ನನಗೆ ಹೆದರಿಕೆಯಾಯಿತು.

"ಈ ವಯಸ್ಸಿನ್ಯಾಗ ನನಗ ಮತ್ಯಾರು ಕೆಲಸ ಕೊಡ್ತಾರ್ರಿ? ನಂಬರ್ ಕಲಿಸಿ ಕೊಡ್ರಿ, ಮಾಸ್ತರ."

ಕಲಿಸಿದೆ. ಒಂದು ಅಂದರೆ ನೀರಿನ ಬಾಟಲಿ, ಎರಡು ಅಂದರೆ ಎಣ್ಣೆಯ ಡಬ್ಬಿ, ಐದು ಅಂದರೆ ಊಟದ ಡಬ್ಬಿ, ಈ ಮೂರೂ ಒಳ್ಳೆಯವು. ಒಂದೇ ವಾರದಲ್ಲಿ ಅಂಕಿಗಳನ್ನು ಗುರುತಿಸಿದಳು. ಮೂವತ್ತು ವರ್ಷ ಪಾಠ ಹೇಳಿದವನೆಂದು ನಾನು ಬೀಗಿದೆ.

ಗುತ್ತಿಗೆದಾರನ ಕಡೆಯಿಂದ ಪರೀಕ್ಷೆ ಮಾಡಲು ಬಂದವನು ಸಂಜೀವಕುಮಾರ, ಅಂಗಿಯ ಜೊತೆ ತನ್ನನ್ನೂ ಇಸ್ತ್ರಿ ಮಾಡಿಸಿಕೊಂಡಂಥ ಹುಡುಗ. ನಾನೂ ನೋಡಲು ಶೆಡ್ಡಿಗೆ ಹೋಗಿದ್ದೆ. ಅವನು ಮೊದಲು ಎಣ್ಣೆಯ ಡಬ್ಬಿ ಕೊಟ್ಟ. ಸೀತವ್ವ ತಳ ನೋಡಿದಳು, ಮುಖ ಗಂಟಿಕ್ಕಿದಳು, ಎತ್ತಿ ಕಡೀ ಚೀಲಕ್ಕೆ ಒಗೆದಳು.

"ಯಾಕವ್ವಾ?" ಎಂದ ಅವನು.

"ಎರಡ ನಂಬರ್ ಮಾಲು ಐತಲ್ರಿ ಸಾಹೇಬ್ರ. ಮಾಸ್ತರ ಛಲೋ ಅಂದ್ರೂ ಖೋಟಾ ಮಾಲು ನಾ ತಗೊಳ್ಳಂಗಿಲ್ಲ."

ಶೆಡ್ಡಿಗೆ ಶೆಡ್ಡೇ ನಕ್ಕಿತು. ನನಗೆ ನೆಲ ಬಾಯಿ ಬಿಟ್ಟರೆ ಸಾಕೆನಿಸಿತು. ನಮ್ಮ ಸಂತೆಯಲ್ಲಿ ಎರಡು ನಂಬರ್ ಎಂದರೆ ನಕಲಿ ಎಂಬುದು ಹಸುಗೂಸಿಗೂ ಗೊತ್ತು, ಮಾಸ್ತರನಿಗೆ ಮಾತ್ರ ಹೊಳೆದಿರಲಿಲ್ಲ. ಸಂಜೀವಕುಮಾರ ಪೆನ್ನು ತೆಗೆದು ತಪ್ಪು ಗುರುತು ಹಾಕಿದ.

"ತಡೀರಿ," ಎಂದಳು ಸೀತವ್ವ. "ಮಾಸ್ತರ ಕಲಿಸಿದ್ದು ಅಲ್ಲೇ ಇರ್ಲಿ. ನಂಬರ್ ಇಲ್ಲದ್ದು ಕೊಡ್ರಿ."

ಅವನು ಹುಡುಕಿ ನಂಬರು ಅಳಿಸಿಹೋದ ಶಾಂಪೂ ಬಾಟಲಿಯ ತುಂಡೊಂದನ್ನು ಕೊಟ್ಟ. ಆಕೆ ಉಗುರಿನಿಂದ ಗೀರಿ, ಬಕೀಟಿನ ನೀರಿಗೆ ಹಾಕಿದಳು. ತೇಲಿತು. "ಎಣ್ಣಿ ಡಬ್ಬಿ ಜಾತೀದು. ಛಲೋ ಮಾಲು," ಎಂದು, ಆಗ ಒಗೆದಿದ್ದ ಡಬ್ಬಿಯನ್ನೂ ಕಡೀ ಚೀಲದಿಂದ ತೆಗೆದು ಅದರ ಜೊತೆ ಇಟ್ಟಳು. ಆಮೇಲೆ ಇಪ್ಪತ್ತು ಸಾಮಾನು ಕೊಟ್ಟ. ತಳ ನೋಡದೆ ಆರಿಸಿದಳು, ಒಂದೂ ತಪ್ಪಲಿಲ್ಲ. ಅವನು ಮೊದಲು ಹಾಕಿದ್ದ ತಪ್ಪು ಗುರುತನ್ನು ಹೊಡೆದುಹಾಕಿ, ತನಗೂ ಆ ಉಗುರಿನ ವಿದ್ಯೆ ಕಲಿಸಬೇಕೆಂದು ಕೇಳಿದ. ನನಗೆ ನಿಜವಾಗಿಯೂ ಕಣ್ಣು ತುಂಬಿ ಬಂತು.

ಮರುವಾರ ಸಂಜೀವಕುಮಾರ ಲ್ಯಾಮಿನೇಷನ್ ಮಾಡಿಸಿದ ಸರ್ಟಿಫಿಕೇಟ್ ತಂದಾಗ ನಾನೂ ಶೆಡ್ಡಿನಲ್ಲಿದ್ದೆ. ಸೀತವ್ವ ಕೈಗೆ ತೆಗೆದುಕೊಂಡಳು, ಅಭ್ಯಾಸದಂತೆ ಮಡಿಚಿ ಹಿಂಡಿದಳು. ಚರ್ ಎಂದು ಮತ್ತೆ ಅರಳಿತು. ನೇರ ಕಡೀ ಚೀಲಕ್ಕೆ ಹಾಕಿದಳು.

"ಅವ್ವಾ, ಅದು ನಿನ್ನ ನೌಕರಿ," ಎಂದ ಸಂಜೀವಕುಮಾರ ಗಾಬರಿಯಾಗಿ.

"ಹಾಳಿನೂ ಅಲ್ಲ, ಪ್ಲಾಸ್ಟಿಕ್ಕೂ ಅಲ್ಲ. ಎರಡೂ ಕೂಡಿಸಿ ಅಂಟಿಸ್ಯಾರ. ಯಾರು ಒಯ್ತಾರ್ರಿ ಇದನ್ನ?"

ಆದರೂ ಬಗ್ಗಿ ಹೊರತೆಗೆದಳು, ಸೆರಗಿನಿಂದ ಒರೆಸಿದಳು, ಓದಲಾರದ ತನ್ನ ಹೆಸರನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನಾ ಇರೂತನಕ ಇರ್ಲಿ. ಸತ್ತ ದಿನ ಕಡೀ ಚೀಲಕ್ಕ ಹಾಕ್ರಿ, ಮಾಸ್ತರ. ಛಲೋ ಮಾಲಿನ್ಯಾಗ ಕಲಸಿದ್ರ ಎದ್ದು ಬಂದು ಬೈತೇನಿ."